ವೈದ್ಯಸಂಶೋಧಕರನ್ನು ಆರಿಸುವ ಬಗೆ

ಬೀದರ ನಗರದ ಸಮೀಪದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧದ್ರವ್ಯಗಳನ್ನು ತಯಾರಿಸುವ ಕಾರ್ಖಾನೆಗಳಿವೆ. ನಗರದಲ್ಲಿ ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಒಂದೆಡೆ ಮದ್ದು ಸಿದ್ಧವಾಗುತ್ತದೆ. ಇನ್ನೊಂದೆಡೆ ಅದನ್ನು ಕೊಡುವ ವೈದ್ಯರು ಸಿದ್ಧರಾಗುತ್ತಾರೆ. ಆದರೆ ರೋಗಿಯ ಬಳಿ ಹುಟ್ಟಿದ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದು, ಉತ್ತರವನ್ನು ಮರಳಿ ರೋಗಿಯ ಬಳಿಗೆ ತರುವವರು ಯಾರು? ಈ ಎರಡು ಕೆಲಸಗಳನ್ನೂ ಬಲ್ಲವರೇ ವೈದ್ಯಸಂಶೋಧಕರು. ಅವರನ್ನು ಆರಿಸುವುದು ಹೇಗೆ ಎಂಬುದು ವಿಚಾರ ಮಾಡತಕ್ಕ ವಿಷಯ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 1964ರಲ್ಲಿ ವೈದ್ಯಪದವಿ ಮತ್ತು ಪಿಎಚ್.ಡಿ.ಗಳನ್ನು ಒಂದುಗೂಡಿಸಿದ ಶಿಕ್ಷಣಕ್ಕೆ ಧನಸಹಾಯವನ್ನು ಆರಂಭಿಸಿತು. ಸಾಮಾನ್ಯವಾಗಿ ಮೊದಲ ಎರಡು ವರ್ಷ ವೈದ್ಯಶಾಸ್ತ್ರ, ನಡುವೆ ಮೂರರಿಂದ ಐದು ವರ್ಷ ಸಂಶೋಧನೆ, ಕೊನೆಗೆ ಆಸ್ಪತ್ರೆಯ ಅಭ್ಯಾಸ. ಪ್ರವೇಶಕ್ಕೆ ಅಂಕಗಳಷ್ಟೇ ಸಾಲವು. ಎರಡು ಪದವಿಗಳೂ ಏಕೆ ಬೇಕು, ಈವರೆಗೆ ಮಾಡಿದ ಸಂಶೋಧನೆ ಯಾವುದು ಎಂದು ಅಭ್ಯರ್ಥಿಯು ಪ್ರಬಂಧಗಳನ್ನು ಬರೆಯಬೇಕು. ಮಾರ್ಗದರ್ಶಕರ ಪತ್ರಗಳನ್ನು ಒಪ್ಪಿಸಬೇಕು. ಸಂದರ್ಶನದಲ್ಲಿ ವಿಜ್ಞಾನಿಗಳಿಗೆ ಉತ್ತರ ಹೇಳಬೇಕು.

ನಮ್ಮಲ್ಲಿ ದಾರಿ ಬೇರೆ. ‘ನೀಟ್’ ಪರೀಕ್ಷೆಯ 180 ಪ್ರಶ್ನೆಗಳು, 720 ಅಂಕಗಳು, ಅನಂತರ ಎಂ.ಬಿ.ಬಿ.ಎಸ್.; ಎಂ.ಡಿ.ಗೆ ಮತ್ತೊಂದು ಪರೀಕ್ಷೆ. ಪಿಎಚ್.ಡಿ. ಮಾಡುವವರು ಬಹುಮಟ್ಟಿಗೆ ಇದೆಲ್ಲ ಮುಗಿದ ಮೇಲೆ ಬೇರೆಯಾಗಿ ಸೇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವೈದ್ಯಕೀಯ ಶಾಲೆಯ ಯೋಜನೆಯಲ್ಲಿ ಎಂ.ಡಿ. ಮತ್ತು ಪಿಎಚ್.ಡಿ.ಗಳ ಸಂಯುಕ್ತ ಶಿಕ್ಷಣಕ್ಕೆ ಪ್ರಧಾನ ಸ್ಥಾನ ದೊರೆತಿದೆ. ಆದುದರಿಂದ ಆಯ್ಕೆಯ ಕ್ರಮವು ಇಂದು ನಮ್ಮ ರಾಜ್ಯದ ಪ್ರಶ್ನೆಯೂ ಆಗಿದೆ.

ಒಂದೇ ಪರೀಕ್ಷೆಯನ್ನು ಹಳಿಯುವುದು ಸುಲಭ. ಆದರೆ ಅದರ ಗುಣವನ್ನು ಮರೆಯಬಾರದು. ಔರಾದದ ಹುಡುಗಿ ಅದನ್ನು ಕನ್ನಡದಲ್ಲಿ ಬರೆಯಬಲ್ಲಳು. ಉತ್ತರಪತ್ರಿಕೆಯು ಅವಳ ತಂದೆಯ ಪರಿಚಯವನ್ನು ಕೇಳುವುದಿಲ್ಲ. ದೋಷವಿರುವುದು ಬೇರೆಡೆ. ಪರೀಕ್ಷೆಯು ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳುತ್ತದೆ. ಸಂಶೋಧನೆಯು ಉತ್ತರ ಗೊತ್ತಿಲ್ಲದೆಡೆ ಪ್ರಾರಂಭವಾಗುತ್ತದೆ. ರೊನಾಲ್ಡ್ ರಾಸ್‌ರ ಉದಾಹರಣೆಯನ್ನೇ ನೋಡಿ. ಲಂಡನ್ನಿನ ಒಂದು ವೈದ್ಯಪರೀಕ್ಷೆಯಲ್ಲಿ ಅವರು ಎರಡನೆಯ ಪ್ರಯತ್ನದಲ್ಲಿ, 1881ರಲ್ಲಿ, ತೇರ್ಗಡೆಯಾದರು. ಅದೇ ರಾಸ್ 1897ರಲ್ಲಿ, ಬೀದರವೂ ಸೇರಿದ್ದ ಅಂದಿನ ಹೈದರಾಬಾದು ಸಂಸ್ಥಾನದ ಸಿಕಂದರಾಬಾದಿನಲ್ಲಿ, ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಸೊಳ್ಳೆಯ ಮೇಲೆ ಸೊಳ್ಳೆಯನ್ನು ಸೀಳಿ ನೋಡಿದ ಆ ತಾಳ್ಮೆಯನ್ನು ಯಾವ ಅಂಕಪಟ್ಟಿ ತೋರಿಸೀತು?

ಹಾಗೆಂದು ಅಮೆರಿಕದ ಕ್ರಮವನ್ನು ಹಾಗೆಯೇ ತರುವುದೂ ಸಲ್ಲದು. ‘ಮೊದಲೇ ಸಂಶೋಧನೆ ಮಾಡಿರಬೇಕು’ ಎಂದರೆ, ಮಹಾನಗರದ ಪ್ರಯೋಗಶಾಲೆಗಳ ನೆರೆಯಲ್ಲಿ ಬೆಳೆದವರಿಗೇ ಬಾಗಿಲು ತೆರೆಯುತ್ತದೆ. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು ದೂರದ ಭಾಲ್ಕಿಯ ವಿದ್ಯಾರ್ಥಿಗೆ ಆ ಭಾಗ್ಯವೆಲ್ಲಿ? ಅವಕಾಶಗಳ ಅಂತರವನ್ನು ಗಮನಿಸಬೇಕೆಂಬ ತತ್ತ್ವವನ್ನು ನಮ್ಮ ಸಂವಿಧಾನವೇ 371ಜೆ ವಿಧಿಯಲ್ಲಿ ಈ ಪ್ರದೇಶಕ್ಕಾಗಿ ಒಪ್ಪಿದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಪರೀಕ್ಷೆಯ ಅಂಕ ಹೊಸ್ತಿಲಾಗಿರಲಿ, ಅದೇ ಮನೆಯಾಗದಿರಲಿ. ಹೊಸ್ತಿಲು ದಾಟಿದವರಿಗೆ ಅಪರಿಚಿತವಾದ ಒಂದು ಸಮಸ್ಯೆಯನ್ನು ಕೊಟ್ಟು, ಅವರು ಆಲೋಚಿಸುವ ಭಾಷೆಯಲ್ಲಿಯೇ ಮಾತನಾಡಿಸಿ ನೋಡಲಿ. ‘ಎಷ್ಟು ಸಾಧಿಸಿದೆ’ ಎನ್ನುವುದರ ಜೊತೆಗೆ ‘ಇದ್ದ ಸೌಲಭ್ಯದಲ್ಲಿ ಏನು ಮಾಡಿದೆ’ ಎಂದೂ ಕೇಳಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯು, ಎಂ.ಬಿ.ಬಿ.ಎಸ್. ಓದುವವರು ತಮ್ಮ ಕಾಲೇಜಿನಲ್ಲಿಯೇ ಗುರುವೊಬ್ಬರ ಕೈಕೆಳಗೆ ಸಂಶೋಧನೆ ನಡೆಸಲು ದಾರಿ ತೋರಿಸಿತು. ಇಂಥ ನೆರವು ಜಿಲ್ಲೆಯ ಕಾಲೇಜುಗಳಿಗೆ ಧಾರಾಳವಾಗಿ ದೊರೆತರೆ, ಅನುಭವವನ್ನು ಕೇಳುವುದೂ ನ್ಯಾಯವಾದೀತು.

ವಿದ್ಯಾರ್ಥಿಗಳೇ, ಆಯ್ಕೆಯ ನಿಯಮಗಳನ್ನು ರೂಪಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ನಿಮ್ಮ ಊರಿನಲ್ಲಿ ಯಾವ ಜ್ವರ ಯಾವ ತಿಂಗಳಲ್ಲಿ, ಯಾವ ಓಣಿಯಲ್ಲಿ ಹೆಚ್ಚುತ್ತದೆ ಎಂದು ಗಮನಿಸಿ ಬರೆದಿಡಲು ಯಾವ ಪ್ರವೇಶಪತ್ರವೂ ಬೇಕಿಲ್ಲ.