ಐದನೇ ಇಯತ್ತೆಗೇ ಗೊತ್ತಾಗುವ ಎಂಜಿನಿಯರಿಂಗ್ ಸೀಟು

ಸಿಇಟಿ ಫಲಿತಾಂಶ ಬಂದ ಮೇಲೆ ಗದಗ ಜಿಲ್ಲೆಯ ಗಜೇಂದ್ರಗಡದ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಕೂರಲು ಕುರ್ಚಿ ಸಿಗುವುದಿಲ್ಲ. ಪುರ್ತಗೇರಿ, ರಾಜೂರ, ಗೋಗೇರಿ, ಲಕ್ಕಲಕಟ್ಟಿ ಎಂದು ಸುತ್ತಲಿನ ಹಳ್ಳಿಗಳಿಂದ ಅಪ್ಪ–ಮಗ, ಅಪ್ಪ–ಮಗಳು ಜೋಡಿಯಾಗಿ ಬರುತ್ತಾರೆ. ಅಪ್ಪನ ಕೈಯ ಕ್ಯಾರಿಬ್ಯಾಗಿನಲ್ಲಿ ಮಾರ್ಕ್ಸ್ ಕಾರ್ಡು, ಜಾತಿ–ಆದಾಯ ಪ್ರಮಾಣಪತ್ರ, ನಾಲ್ಕಾರು ಝೆರಾಕ್ಸ್. ಒಟಿಪಿ ಬರಬೇಕಾದ ಮೊಬೈಲು ಮಾತ್ರ ಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿರುತ್ತದೆ. ಅದು ಬರುವವರೆಗೆ ಸೆಂಟರಿನ ಹುಡುಗ ಪಟ್ಟಿ ಮಾಡಿಕೊಳ್ಳುತ್ತಾನೆ.

‘ಫಸ್ಟ್ ಯಾವ ಕಾಲೇಜ್ ಹಾಕಲ್ರಿ ಕಾಕಾ?’

‘ಹುಬ್ಬಳ್ಳಿ ಬಿವಿಬಿ ಹಾಕಪಾ. ಕಂಪ್ಯೂಟರ್.’

‘ಅದೀಗ ಕೆಎಲ್‌ಇ ಟೆಕ್ ಆಗೇತ್ರಿ. ಹುಬ್ಬಳ್ಳಿ ಐತಿ, ಬೆಳಗಾವಿನೂ ಐತಿ. ಎರಡೂ ಹಾಕಲ್ರಿ?’

‘ಎರಡೂ ಒಂದಽ ಅಲ್ಲೇನು?’

ಎಂಜಿನಿಯರಿಂಗ್ ಪ್ರವೇಶದ ಗೋಜಲೆಲ್ಲ ಆ ಕಡೆಯ ಪ್ರಶ್ನೆಯಲ್ಲಿದೆ. ಹುಬ್ಬಳ್ಳಿಯ ಬಿವಿಬಿ, ಅಂದರೆ ಭೂಮರಡ್ಡಿ ಕಾಲೇಜು ಶುರುವಾದದ್ದು 1947ರಲ್ಲಿ. ಅದನ್ನು ಕಟ್ಟಿದ ಕೆಎಲ್‌ಇ ಸಂಸ್ಥೆ 1916ರಲ್ಲಿ ಬೆಳಗಾವಿಯಲ್ಲಿ ಶಿಕ್ಷಕರು ಸೇರಿ ಹುಟ್ಟುಹಾಕಿದ್ದು. ಭೂಮರಡ್ಡಿ ಎಂಬ ಹೆಸರು ಗಜೇಂದ್ರಗಡದವರಿಗೆ ಹೊಸದೂ ಅಲ್ಲ, ಊರಲ್ಲೇ ಆ ಹೆಸರಿನ ಪಿಯು ಕಾಲೇಜಿದೆ. ಮೂರು ತಲೆಮಾರಿನಿಂದ ಉತ್ತರ ಕರ್ನಾಟಕದಲ್ಲಿ ‘ಬಿವಿಬಿ ಒಳಗ ಸೀಟ್ ಸಿಕ್ಕೇತಿ’ ಎಂದರೆ ಪೇಢೆ ಹಂಚುವ ಸುದ್ದಿ. ಕಳೆದ ದಶಕದಲ್ಲಿ ಅದು ಬೆಳಗಾವಿಯ ವಿಟಿಯು ಸಂಯೋಜನೆಯಿಂದ ಹೊರಬಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಬೆಳಗಾವಿಯ ಉದ್ಯಮಬಾಗದಲ್ಲಿ ಅದೇ ಸಂಸ್ಥೆಯ ಎಂ.ಎಸ್. ಶೇಷಗಿರಿ ಕಾಲೇಜು ವಿಟಿಯು ಅಡಿಯಲ್ಲಿ ನಡೆದುಕೊಂಡು ಬಂದಿತ್ತು. ಕೆಲ ವರ್ಷಗಳಿಂದ ಅದೂ ಈ ವಿಶ್ವವಿದ್ಯಾಲಯದ ಕ್ಯಾಂಪಸ್ಸು. ಪದವಿ ಪತ್ರದ ಮೇಲಿನ ಹೆಸರು ಒಂದೇ. ಪ್ರಾಧ್ಯಾಪಕರು ಬೇರೆ, ಲ್ಯಾಬ್ ಬೇರೆ, ಸೀಟು ಮುಗಿಯುವ ರ‍್ಯಾಂಕೂ ಬೇರೆ. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯಕ್ಕೆ ರಿಂಗ್ ರಸ್ತೆಯಲ್ಲೊಂದು, ಎಲೆಕ್ಟ್ರಾನಿಕ್ ಸಿಟಿಯಲ್ಲೊಂದು ಕ್ಯಾಂಪಸ್ ಇದೆ. 1957ರಲ್ಲಿ ಮಣಿಪಾಲದಲ್ಲಿ ಹುಟ್ಟಿದ ಎಂಐಟಿಯ ಹೆಸರು ಈಗ ಬೆಂಗಳೂರಿನಲ್ಲೂ ಇದೆ. ಒಂದೇ ಬೋರ್ಡಿನ ಕೆಳಗೆ ಹಲವು ಕ್ಯಾಂಪಸ್ ತೆರೆಯುವುದು ತಪ್ಪೇನೂ ಅಲ್ಲ. ಆದರೆ ಎಷ್ಟು ಮಕ್ಕಳಿಗೆ ನೌಕರಿ ಸಿಕ್ಕಿತು, ಎಷ್ಟು ಸಂಬಳಕ್ಕೆ ಸಿಕ್ಕಿತು ಎಂಬ ಲೆಕ್ಕವನ್ನು ಎಲ್ಲ ಕ್ಯಾಂಪಸ್ ಕೂಡಿಸಿ ಜಾಹೀರಾತಿನಲ್ಲಿ ಹಾಕುವುದು ಸರಿಯಲ್ಲ. ಯಾವ ವಿಶ್ವವಿದ್ಯಾಲಯವೇ ಆಗಲಿ, ಕ್ಯಾಂಪಸ್‌ವಾರು, ಬ್ರಾಂಚ್‌ವಾರು ಲೆಕ್ಕ ಕೊಡಬೇಕು. ಪಾಲಕರೂ ಬಾಯಿಬಿಟ್ಟು ಕೇಳಬೇಕು.

ಸುಧಾ ಮೂರ್ತಿ ಬಿವಿಬಿ ಸೇರಿದಾಗ ಅಲ್ಲಿದ್ದ ಒಬ್ಬಳೇ ಹುಡುಗಿ ಅವರು. ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಎಂದು ಪ್ರಾಂಶುಪಾಲರು ಷರತ್ತು ಹಾಕಿದ್ದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಆಗಿನ ಷರತ್ತನ್ನು ಎದುರಿಗೆ ಕೂರಿಸಿ ಹೇಳುತ್ತಿದ್ದರು. ಈಗಿನ ಷರತ್ತುಗಳು ಸೀಟಿನ ಕೋಡಿನಲ್ಲಿ ಅಡಗಿವೆ.

ಕೋಡಿಗೆ ಮೊದಲು ಬಾಗಿಲುಗಳ ವಿಚಾರ. ವಿಟಿಯು ಅಡಿಯ ಖಾಸಗಿ ಅನುದಾನರಹಿತ ಕಾಲೇಜಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 45 ಸೀಟು ಸಿಇಟಿಗೆ, 30 ಕಾಮೆಡ್‌ಕೆಗೆ, 25 ಮ್ಯಾನೇಜ್‌ಮೆಂಟಿಗೆ. ಖಾಸಗಿ ವಿಶ್ವವಿದ್ಯಾಲಯವಾದರೆ ಸರ್ಕಾರದ ಪಾಲು 40. ಸಿಇಟಿ ಬಾಗಿಲಲ್ಲಿ ವರ್ಷಕ್ಕೆ ಲಕ್ಷದ ಆಚೀಚೆ ಕೊಟ್ಟು ಬಂದವನ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ, ಅದರ ಎರಡು ಮೂರು ಪಟ್ಟು ಕೊಟ್ಟವನೂ ಕೂತಿರುತ್ತಾನೆ. ಮ್ಯಾನೇಜ್‌ಮೆಂಟ್ ಬಾಗಿಲಿನ ಮಾತು ಬೇರೆಯೇ, ಅಲ್ಲಿ ಚೌಕಾಸಿಗೂ ಏಜೆಂಟನೊಬ್ಬ ಇರುತ್ತಾನೆ. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಲು ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತು. ತುಮಕೂರಿನ ವೈದ್ಯಕೀಯ ಕಾಲೇಜೊಂದರ ಶುಲ್ಕದ ಮೇಲೆ ಮೋಹಿನಿ ಜೈನ್ ಹೂಡಿದ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ವಿರುದ್ಧ ತೀರ್ಪು ಕೊಟ್ಟಿತು. ಮರುವರ್ಷ ಸೀಟು ಮೆರಿಟ್ ಮೇಲೆ ಹಂಚಬೇಕೆಂಬ ಉನ್ನಿಕೃಷ್ಣನ್ ತೀರ್ಪು ಬಂತು, ಅದರ ಬೆನ್ನಿಗೆ 1994ರಿಂದ ಸಿಇಟಿ. ಹಳ್ಳಿಯ ಹುಡುಗನೊಬ್ಬ ಯಾರ ಪರಿಚಯ ಪತ್ರವೂ ಇಲ್ಲದೆ ಹುಬ್ಬಳ್ಳಿಯ ಕಾಲೇಜಿನ ಮೆಟ್ಟಿಲು ಹತ್ತುವುದು ಸಾಧ್ಯವಾದದ್ದು ಇದರಿಂದಲೇ. ಆ ಸಿಇಟಿಗೂ ಬೇಡದ ಸೀಟನ್ನು ಹಿಡಿದಿಟ್ಟು ಕೊನೆಗೆ ಬಿಡುವ ಸೀಟ್ ಬ್ಲಾಕಿಂಗ್ ಹುಳ ಹತ್ತಿತು. 2024ರ ಡಿಸೆಂಬರಿನಲ್ಲಿ ಬೆಂಗಳೂರು ಪೊಲೀಸರು ಈ ದಂಧೆಯ ಕೆಲವರನ್ನು ಹಿಡಿದರು. ಆದರೂ ನಮ್ಮ ಮಕ್ಕಳಿಗೆ ಉಳಿದಿರುವ ನೇರವಾದ ಬಾಗಿಲು ಇದೊಂದೇ.

ಈಗ ಕೋಡು. ಸಿಇಟಿ ನಡೆಸುವ ಕೆಇಎ ಪ್ರತಿ ವರ್ಷ ಪ್ರಕಟಿಸುವ ಕಟ್‌ಆಫ್ ಹಾಳೆಯನ್ನೊಮ್ಮೆ ಬಿಡಿಸಿ ನೋಡಿ. ಒಂದೊಂದು ಕಾಲೇಜಿನ ಒಂದೊಂದು ಬ್ರಾಂಚಿನ ಮುಂದೆ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದು ಸಾಲುಗಟ್ಟಿ ಅಂಕಣಗಳಿರುತ್ತವೆ. ಜಿಎಂ ಎಂದರೆ ಸಾಮಾನ್ಯ ವರ್ಗ. ಕೊನೆಯ ಅಕ್ಷರ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಒಂದನೆಯಿಂದ ಹತ್ತನೆಯವರೆಗೆ ಹತ್ತೂ ವರ್ಷ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಹತ್ತೂ ವರ್ಷ ಕನ್ನಡದಲ್ಲಿ ಓದಿದವರಿಗೆ 5. ಸಾಮಾನ್ಯವಾಗಿ ಈ ಎರಡು ಅಂಕಣಗಳಲ್ಲಿ ಕಟ್‌ಆಫ್ ಇನ್ನಷ್ಟು ಕೆಳಗಿನ ರ‍್ಯಾಂಕಿನವರೆಗೆ ಇಳಿಯುತ್ತದೆ. ಬರಿ ಜಿಎಂ ಅಂಕಣ ನೋಡಿ ‘ನಮಗ ಹುಬ್ಬಳ್ಳಿ ಬರಂಗಿಲ್ಲ ಬಿಡ್ರಿ’ ಎಂದು ಎದ್ದು ಹೋಗುವ ಅಪ್ಪಂದಿರ ಲೆಕ್ಕ ತಪ್ಪುವುದು ಇಲ್ಲಿಯೇ.

ಹತ್ತು ವರ್ಷ ಎಂದರೆ ಹತ್ತೂ ವರ್ಷ. ಒಂಬತ್ತು ಆಗುವುದಿಲ್ಲ. ಗಜೇಂದ್ರಗಡ ಪುರಸಭೆಯ ಊರು, ಹಾಗಾಗಿ ಅಲ್ಲಿಯ ಶಾಲೆ ಈ ಲೆಕ್ಕದಲ್ಲಿ ಹಳ್ಳಿಯ ಶಾಲೆಯಲ್ಲ. ಪುರ್ತಗೇರಿಯ ಮಗು ನಾಲ್ಕು ವರ್ಷ ಊರ ಶಾಲೆಯಲ್ಲಿ ಕಲಿತು, ಐದನೇ ಇಯತ್ತೆಗೆ ಹಳದಿ ವ್ಯಾನ್ ಹತ್ತಿ ಗಜೇಂದ್ರಗಡದ ಇಂಗ್ಲಿಷ್ ಶಾಲೆಗೆ ಹೊರಟಿತು ಎಂದರೆ ಅವತ್ತೇ ಆರ್ ಹೋಯಿತು, ಕೆ ಹೋಯಿತು. ಮನೆ ಹಳ್ಳಿಯಲ್ಲೇ ಇದ್ದರೂ, ಅಪ್ಪ ಒಣಬೇಸಾಯದಲ್ಲೇ ಇದ್ದರೂ ಅದು ಮರಳಿ ಬರುವುದಿಲ್ಲ. ಮಗುವನ್ನು ಪಟ್ಟಣಕ್ಕೆ ಕಳಿಸಬೇಡಿ ಎಂದು ನಾನು ಹೇಳಲಾರೆ. ಊರ ಶಾಲೆಯಲ್ಲಿ ಗಣಿತದ ಮಾಸ್ತರರೇ ಇಲ್ಲದಿದ್ದರೆ ಯಾರು ಉಳಿಸುತ್ತಾರೆ? ಆದರೆ ವ್ಯಾನಿನ ಬಾಡಿಗೆ, ಡೊನೇಷನ್, ಸಮವಸ್ತ್ರ ಎಂದು ಲೆಕ್ಕ ಹಾಕುವಾಗ ಈ ಖರ್ಚೂ ಲೆಕ್ಕದಲ್ಲಿರಲಿ. ಅದನ್ನು ಆ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ. ಏಳೆಂಟು ವರ್ಷ ಕಳೆದ ಮೇಲೆ ಅರ್ಜಿಯಲ್ಲಿ ‘ಗ್ರಾಮೀಣ ಮೀಸಲು ಕೋರುವಿರಾ’ ಎಂಬ ಸಾಲು ಬಂದಾಗ ಸೆಂಟರಿನ ಹುಡುಗ ಹೇಳುತ್ತಾನೆ.

ನಮ್ಮ ಭಾಗಕ್ಕೆ ಇನ್ನೊಂದು ಬೇಲಿ ಇದೆ. ಗಜೇಂದ್ರಗಡ ದಾಟಿದರೆ ಯಲಬುರ್ಗಾ, ಕುಷ್ಟಗಿ, ಅಂದರೆ ಹಿಂದಿನ ನಿಜಾಮರ ಸೀಮೆ. ನಾವು ಮುಂಬೈ ಪ್ರಾಂತದವರು. ಬಿತ್ತುವುದು ಅದೇ ಜೋಳ, ಕಾಯುವುದು ಅದೇ ಮಳೆ, ಬೀಗತನವೂ ಆಚೀಚೆ. ಸಂವಿಧಾನದ 371ಜೆ ಕಲಮಿನಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಅಲ್ಲಿಯವರಿಗೆ, ಹೊರಗಿನ ಕಾಲೇಜುಗಳಲ್ಲೂ 8. ಕೊಪ್ಪಳ ಜಿಲ್ಲೆಯ ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ನಮಗೆ ಹುಬ್ಬಳ್ಳಿಗಿಂತ ಎಷ್ಟೋ ಹತ್ತಿರ. ಅಲ್ಲಿ ನಮ್ಮ ಹುಡುಗರು ಉಳಿದ 30ಕ್ಕೆ ಇಡೀ ರಾಜ್ಯದೊಂದಿಗೆ ಪೈಪೋಟಿ ಮಾಡಬೇಕು. ಕಲ್ಯಾಣ ಕರ್ನಾಟಕದವರಿಗೆ ಸಿಕ್ಕಿದ್ದು ನ್ಯಾಯವೇ, ಹೋರಾಡಿ ಪಡೆದದ್ದು. 2021ರಲ್ಲಿ ನಮಗೆ ‘ಕಿತ್ತೂರು ಕರ್ನಾಟಕ’ ಎಂಬ ಹೆಸರು ಸಿಕ್ಕಿತು. ಹೆಸರಿನ ಜೊತೆ ಸೀಟು ಬರಲಿಲ್ಲ.

ಬ್ರಾಂಚಿನ ವಿಚಾರ ಉದ್ದಕ್ಕೆ ಬೆಳೆಸುವುದಿಲ್ಲ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2024–25ನೇ ಸಾಲಿನಿಂದ ಸೀಟು ಹೆಚ್ಚಿಸಿಕೊಳ್ಳುವ ಮಿತಿ ಸಡಿಲಿಸಿದ ಮೇಲೆ ಕಂಪ್ಯೂಟರ್ ಸೈನ್ಸ್ ಎಂಬ ಒಂದೇ ಬ್ರಾಂಚು ಎಐ, ಎಂಎಲ್, ಡೇಟಾ ಸೈನ್ಸ್ ಎಂದು ಬಾಲ ಬೆಳೆಸಿಕೊಂಡು ಪಟ್ಟಿ ತುಂಬಿದೆ. ನಮ್ಮ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತ ಬೆಳೆದ ಮಗುವೂ ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಎಂದರೆ ಮುಖ ಸಿಂಡರಿಸುತ್ತದೆ. ಆದರೆ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರದು, ಅನುದಾನಿತ. ಅಲ್ಲಿನ ಹಳೆಯ ಬ್ರಾಂಚುಗಳ ಅನುದಾನಿತ ಸೀಟಿಗೆ ಶುಲ್ಕ ಬಹಳ ಕಡಿಮೆ. ಗದಗದ ತೋಂಟದಾರ್ಯ, ಹುಲಕೋಟಿಯ ರೂರಲ್ ಕಾಲೇಜುಗಳಿಗೆ ಜಿಲ್ಲೆಯ ಗಡಿಯನ್ನೇ ದಾಟಬೇಕಿಲ್ಲ. ಎಸ್‌ಎನ್‌ಕ್ಯೂ ಎಂಬ ಇನ್ನೊಂದು ಸಾಲಿದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಪ್ರತಿ ಬ್ರಾಂಚಿಗೆ ಹೆಚ್ಚುವರಿಯಾಗಿ ಇಟ್ಟ ನೂರಕ್ಕೆ 5 ಸೀಟುಗಳಲ್ಲಿ ಬೋಧನಾ ಶುಲ್ಕ ಮಾಫಿ. ಆಪ್ಷನ್ ಎಂಟ್ರಿ ಮಾಡುವಾಗ ಅದನ್ನೂ ಮರೆಯಬೇಡಿ. ಸೀಟು ಬಂದ ಮೇಲೂ ಎಚ್ಚರ ಬೇಕು. ಚಾಯ್ಸ್ 1 ಎಂದರೆ ಈ ಸೀಟೇ ಸಾಕು. ಚಾಯ್ಸ್ 2 ಎಂದರೆ ಇದು ಕೈಯಲ್ಲಿರಲಿ, ಮೇಲಿನದನ್ನೂ ನೋಡುತ್ತೇನೆ. 3 ಎಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4 ಒತ್ತಿದರೆ ಎದ್ದು ಹೊರಟಂತೆ. ಅವಸರದಲ್ಲಿ 3 ಒತ್ತಿದರೆ ಕೈಯಲ್ಲಿದ್ದದ್ದೂ ಹೋಗುತ್ತದೆ.

ಈ ಅಂಕಣ ಓದುವ ಮಾಸ್ತರರಿಗೆ, ಅಕ್ಕೋರಿಗೆ ಒಂದು ವಿನಂತಿ. ಸಿಇಟಿ ಮಾರ್ಗದರ್ಶನವನ್ನು ಪಿಯು ಎರಡನೇ ವರ್ಷದ ಮಕ್ಕಳಿಗೆ ಮಾಡುವುದು ರೂಢಿ, ಅಷ್ಟೊತ್ತಿಗೆ ಅರ್ಧ ಆಟ ಮುಗಿದಿರುತ್ತದೆ. ನಾಲ್ಕನೇ ಇಯತ್ತೆಯ ಪಾಲಕರ ಸಭೆ ಕರೆದಾಗ ಹತ್ತು ನಿಮಿಷ ಆರ್ ಮತ್ತು ಕೆ ಎಂದರೇನು ಎಂದು ಹೇಳಿ. ಹಳೆಯದೊಂದು ಕಟ್‌ಆಫ್ ಹಾಳೆಯನ್ನು ಝೆರಾಕ್ಸ್ ಮಾಡಿಸಿ ಅವರ ಕೈಗೂ ಕೊಡಿ.