‘ಪಿ’ ಎಂಬುದು ಬ್ರೇಕ್ ಅಲ್ಲ

ಕಳೆದ ತಿಂಗಳು ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಸ ಆಟೋಮ್ಯಾಟಿಕ್ ಕಾರನ್ನು ನಮ್ಮ ಬೀದಿಯ ಇಳಿಜಾರಿನಲ್ಲಿ ನಿಲ್ಲಿಸಿ, ಗೇರನ್ನು ‘ಪಿ’ಗೆ ತಳ್ಳಿ ಇಳಿದುಬಿಟ್ಟ. ‘ಹ್ಯಾಂಡ್‌ಬ್ರೇಕ್ ಹಾಕಲಿಲ್ಲವೇನಪ್ಪಾ?’ ಎಂದೆ. ‘ಪಿ ಇರುವಾಗ ಅದೇಕೆ ಸರ್? ಅದೆಲ್ಲ ಹಳೆಯ ಗಾಡಿಗಳಿಗೆ’ ಎಂದು ನಕ್ಕ. ಈ ಮಾತನ್ನು ನಿಮ್ಮಲ್ಲಿ ಹಲವರ ಬಾಯಲ್ಲಿ ಕೇಳಿದ್ದೇನೆ. ಇದು ಶುದ್ಧ ತಪ್ಪು.

‘ಪಿ’ಗೆ ಹಾಕಿದಾಗ ಗೇರ್‌ಪೆಟ್ಟಿಗೆಯೊಳಗೆ ಸಣ್ಣದೊಂದು ಉಕ್ಕಿನ ಅಗುಳಿ ಹಲ್ಲುಚಕ್ರದ ಸಂದಿಗೆ ಬಂದು ಕೂರುತ್ತದೆ, ಅಷ್ಟೇ. ತರಗತಿಯಲ್ಲಿ ಮಾಡಿದ ಇಳಿಜಾರಿನ ಲೆಕ್ಕವನ್ನು ನೆನಪಿಸಿಕೊಳ್ಳಿ: ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ 1200 ಕೆ.ಜಿ.ಯ ಕಾರನ್ನು ಕೆಳಕ್ಕೆಳೆಯುವ ಬಲ ಸುಮಾರು 120 ಕೆ.ಜಿ. ತೂಕದಷ್ಟು. ಅದೆಲ್ಲವೂ ಆ ಅಗುಳಿಯ ಮೇಲೆ! ಮರಳಿ ಹೊರಡುವಾಗ ಕೇಳುವ ‘ಢಬ್’ ಎಂಬ ಸದ್ದು ಅದರ ದೂರು.

ಇದಲ್ಲದೆ ‘ಪಿ’ ಹಿಡಿಯುವುದು ಎಂಜಿನ್ ತಿರುಗಿಸುವ ಗಾಲಿಗಳನ್ನು ಮಾತ್ರ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಅವು ಮುಂದಿನವು. ಪಂಕ್ಚರ್ ಆದಾಗ ಅವುಗಳಲ್ಲೊಂದನ್ನು ಜಾಕಿಯಿಂದ ಎತ್ತಿದರೆ, ಡಿಫರೆನ್ಷಿಯಲ್‌ನ ದೆಸೆಯಿಂದ ನೆಲದ ಮೇಲಿರುವ ಇನ್ನೊಂದು ಉರುಳಬಲ್ಲದು. ಆಗ ಹಿಂದಿನ ಗಾಲಿಗಳನ್ನು ಹಿಡಿದಿಡುವುದು ಹ್ಯಾಂಡ್‌ಬ್ರೇಕ್. ಇನ್ನು 2014ರಲ್ಲಿ ಸೆಲೆರಿಯೊ ಮೂಲಕ ಇಲ್ಲಿಗೆ ಬಂದ ಎ.ಎಂ.ಟಿ. ಬಗೆಯ ಕಾರುಗಳಲ್ಲಿ ಹೆಚ್ಚಿನವಕ್ಕೆ ‘ಪಿ’ ಸ್ಥಾನವೇ ಇಲ್ಲ. ‘ಎನ್’ನಲ್ಲಿಟ್ಟು ಇಳಿದರೆ ಅವನ್ನು ಹಿಡಿಯುವವರು ಯಾರು?

2016ರ ಜೂನ್‌ನಲ್ಲಿ ನಟ ಆಂಟನ್ ಯೆಲ್ಚಿನ್ ಲಾಸ್ ಏಂಜಲೀಸಿನ ತಮ್ಮ ಮನೆಯ ಕಡಿದಾದ ದಾರಿಯಲ್ಲಿ ಹಿಂದಕ್ಕುರುಳಿದ ಸ್ವಂತ ಜೀಪಿಗೂ ಕಂಬಕ್ಕೂ ನಡುವೆ ಸಿಲುಕಿ ಪ್ರಾಣಬಿಟ್ಟರು. ವಯಸ್ಸು 27. ಗೇರ್ ‘ಪಿ’ಗೆ ಬಿದ್ದಿದೆಯೆಂದು ಚಾಲಕರು ತಪ್ಪು ತಿಳಿದು ಇಳಿಯುತ್ತಿದ್ದಾರೆಂಬ ಕಾರಣಕ್ಕೆ ಆ ಮಾದರಿಯನ್ನು ಕಂಪೆನಿಯು ಅದೇ ಏಪ್ರಿಲ್‌ನಲ್ಲಿ ದುರಸ್ತಿಗಾಗಿ ಹಿಂದಕ್ಕೆ ಕರೆದಿತ್ತು.

‘ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಕಚ್ಚಿಕೊಳ್ಳುತ್ತದೆ’ ಎನ್ನುವವರಿದ್ದಾರೆ. ವಾರಗಟ್ಟಲೆ ನಿಲ್ಲಿಸಿದರೆ ನಿಜವೇ. ಆಗ ಸಮನೆಲದಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ. ಅಂಗಡಿಗೆ ಹೋಗಿಬರುವ ಹತ್ತು ನಿಮಿಷಕ್ಕೆ ಆ ನೆಪ ಸಲ್ಲದು.

ಕ್ರಮ ಸರಳ. ಕಾಲಿನ ಬ್ರೇಕ್ ಒತ್ತಿಕೊಂಡೇ ಗೇರನ್ನು ‘ಎನ್’ಗೆ ತನ್ನಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಕಾಲನ್ನು ಮೆಲ್ಲನೆ ಸಡಿಲಿಸಿ ಕಾರಿನ ಭಾರ ಅದರ ಮೇಲೆ ಕೂರಲು ಬಿಡಿ, ಮತ್ತೆ ಕಾಲಿನ ಬ್ರೇಕ್ ಒತ್ತಿ, ಕೊನೆಗೆ ‘ಪಿ’. ಹೊರಡುವಾಗ ಕಾಲು ಬ್ರೇಕಿನ ಮೇಲಿರಲಿ; ಮೊದಲು ಗೇರ್, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸುವುದು.

ಇದಕ್ಕೆ ಬೇಕಾದದ್ದು ಐದು ಸೆಕೆಂಡು. ನಮ್ಮ ಬೀದಿಯ ಇಳಿಜಾರು ಮುಗಿಯುವಲ್ಲಿ ಸಂಜೆಯ ಹೊತ್ತು ಮಕ್ಕಳು ಆಡುತ್ತಿರುತ್ತಾರೆ. ಅಂದು ಆ ಹುಡುಗನನ್ನು ಮರಳಿ ಕಾರಿಗೆ ಕಳುಹಿಸಿ ಹ್ಯಾಂಡ್‌ಬ್ರೇಕ್ ಹಾಕಿಸಿದ ಮೇಲೆಯೇ ಕಾಫಿ ಕೊಟ್ಟದ್ದು. ನೀವು ಬಂದರೂ ಅಷ್ಟೇ.