ಕರಾಚಿಯನ್ನು ಮುಟ್ಟದ ಆಕಾಶನೌಕೆ

ಆಗ ನಮ್ಮ ಧಾರವಾಡ, ಬೆಳಗಾವಿಗಳಂತೆ ಮುಂಬಯಿ ಇಲಾಖೆಗೇ ಸೇರಿದ್ದ ಕರಾಚಿಯಲ್ಲಿ ಹಿರಿದಾದೊಂದು ನೌಕಾಗೃಹವು, ಪ್ರವಾಸಿಗಳಿಗೆಂದು ಆಂಗ್ಲ ಸರಕಾರವು ಕಟ್ಟಿಸಿದ ಆರ್ ೧೦೧ ಎಂಬ ಆಕಾಶನೌಕೆಯ ಹಾದಿಯನ್ನು ಕಾಯುತ್ತಿದ್ದಿತು. ನೌಕೆ ಬರಲಿಲ್ಲ. ೧೯೩೦ರ ಅಕ್ಟೋಬರ ೪ರ ಸಂಜೆ ಕಾರ್ಡಿಂಗ್ಟನ್ನಿನಿಂದ ಹೊರಟ ಅದು ಬೆಳಗಾಗುವ ಮೊದಲೇ ಫ್ರಾನ್ಸಿನ ಬೊವೆ ಎಂಬ ಊರಿನ ಬಳಿ ನೆಲಕ್ಕಿಳಿದು, ಒಡಲಿನ ಜಲಜನಕಕ್ಕೆ ಉರಿ ತಗಲಿ ಭಸ್ಮವಾಯಿತು. ೫೪ ಜನರಲ್ಲಿ ೪೮ ಜನರು ಮಡಿದರು. ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ನರೂ ಅವರಲ್ಲೊಬ್ಬರು.

ಬಿರುಗಾಳಿಯೊಂದನ್ನೇ ದೂರುವುದು ನಮಗೆ ಸರಿದೋರದು. ಎತ್ತುವ ಬಲ ಸಾಲದೆಂದು ನೌಕೆಯನ್ನು ನಡುವೆ ಬಿಡಿಸಿ ಮತ್ತೊಂದು ವಾಯುಚೀಲವನ್ನು ಸೇರಿಸಿದ್ದರು. ಆ ಬಳಿಕ ಪೂರ್ಣವೇಗದಲ್ಲಿ ಒಮ್ಮೆಯಾದರೂ ಪರೀಕ್ಷಿಸಲಿಲ್ಲ. ಸಾಮ್ರಾಜ್ಯ ಪರಿಷತ್ತು ಮುಗಿಯುವುದರೊಳಗೆ ಮಂತ್ರಿಗಳು ಹಿಂದೂಸ್ಥಾನವನ್ನು ಕಂಡು ಮರಳಬೇಕಾಗಿದ್ದಿತಲ್ಲ! ಖಾಸಗಿ ಕಂಪನಿಯು ಕಟ್ಟಿದ ಆರ್ ೧೦೦ ಅದೇ ಬೇಸಿಗೆಯಲ್ಲಿ ಕೆನಡಾಕ್ಕೆ ಹೋಗಿ ಸುಖವಾಗಿ ಮರಳಿದ್ದಿತು. ಅದರ ಅಪರಾಧವೇನೋ, ಅದನ್ನೂ ಮರುವರ್ಷ ಒಡೆದು ಮುರುಕು ಲೋಹವಾಗಿ ಮಾರಿಬಿಟ್ಟರು.